ಮರ್ಖಾ ಕಣಿವೆಯಲ್ಲಿ ಮನೆಯಿಂದ ಮನೆಗೆ

ಲದಾಖಿನ ಮರ್ಖಾ ಕಣಿವೆಗೆ ಹೊರಡುವ ಮುನ್ನ ಒಂದು ಹಾಳೆಯ ಎಡಬದಿಯಲ್ಲಿ ರಾತ್ರಿ ಮಲಗುವ ಊರು, ಬಲಬದಿಯಲ್ಲಿ ಆ ಊರಿನ ಎತ್ತರ ಬರೆದುಕೊಳ್ಳಬೇಕು. ಲೇಹ್ 3,500 ಮೀಟರ್. ರುಂಬಾಕ್ 3,900ರ ಆಸುಪಾಸು. ಸ್ಕಿಯು ಸುಮಾರು 3,400. ಮರ್ಖಾ 3,800. ಹಂಕರ್ 4,000. ನಿಮಾಲಿಂಗ್ 4,800ರ ಹತ್ತಿರ. ಅದರ ಮರುದಿನ ದಾಟಬೇಕಾದ ಕೊಂಗ್ಮಾರು ಲಾ ಎಂಬ ಪಾಸ್ 5,200 ಮೀಟರಿಗೂ ಮೇಲೆ. ಈ ಅಂಕಿಗಳನ್ನು ಐದು ನಿಮಿಷ ದಿಟ್ಟಿಸಿದರೆ ಚಾರಣದ ಜಾತಕವೆಲ್ಲ ಅಲ್ಲೇ ಕಾಣುತ್ತದೆ. ಎಲ್ಲಿ ಸುಖ, ಎಲ್ಲಿ ಗಂಡಾಂತರ, ಎಲ್ಲಿ ಒಂದು ದಿನ ಸುಮ್ಮನೆ ಕೂತು ಚಹಾ ಕುಡಿಯಬೇಕು ಎಂಬುದೆಲ್ಲ.

ನಮ್ಮ ಕಡೆಯ ಚಾರಣಿಗರಿಗೆ ಕಾಲಿನ ಬಲ ಸಾಕಷ್ಟಿದೆ. ಕುಕ್ಕೆಯಿಂದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದು ರಾತ್ರಿ ಬಸ್ಸಿಗೆ ಬೆಂಗಳೂರು ಸೇರುವವರಿದ್ದಾರೆ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಬೆಂಗಳೂರು ಇರುವುದು 920 ಮೀಟರಿನಲ್ಲಿ. ಬೆಳಿಗ್ಗೆ ಅಲ್ಲಿಂದ ವಿಮಾನ ಹತ್ತಿ, ದಿಲ್ಲಿಯಲ್ಲಿ ಇನ್ನೊಂದನ್ನು ಹಿಡಿದು ಲೇಹ್‌ನಲ್ಲಿ ಇಳಿದವನ ಮೈ ಎರಡೂವರೆ ಸಾವಿರ ಮೀಟರ್ ಮೇಲೇರಿರುತ್ತದೆ, ಅದೂ ಕುರ್ಚಿಯಲ್ಲಿ ಕೂತು. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಲೇಹ್‌ನಲ್ಲಿ ಸಿಗುವುದು ಮೂರನೇ ಎರಡು ಪಾಲು. ಕೊಂಗ್ಮಾರು ಲಾ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. ಜಿಮ್ಮಿನಲ್ಲಿ ಬೆವರು ಸುರಿಸಿದವನಿಗೂ ಸುರಿಸದವನಿಗೂ ಇಲ್ಲಿ ರಿಯಾಯಿತಿ ಇಲ್ಲ. ಗಟ್ಟಿಮುಟ್ಟಾದ ಹುಡುಗರೇ ಹೆಚ್ಚಾಗಿ ಮಲಗಿಬಿಡುತ್ತಾರೆ, ಏಕೆಂದರೆ ಅವರಿಗೆ ನಿಧಾನ ನಡೆಯಲು ಬರುವುದಿಲ್ಲ.

ಪರ್ವತ ವೈದ್ಯರ ಲೆಕ್ಕ ಸರಳ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಇಂದು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ರಾತ್ರಿ ಕಳೆಯಬೇಕು. ಹಗಲಲ್ಲಿ ಎಷ್ಟು ಮೇಲೆ ಹೋಗಿಬಂದರೂ ಅಷ್ಟು ಚಿಂತೆಯಿಲ್ಲ, ಲೆಕ್ಕಕ್ಕೆ ಬರುವುದು ದಿಂಬು ಇಟ್ಟ ಎತ್ತರ. ಎತ್ತರದ ಕಾಯಿಲೆ ತಡೆಯಲು ಡೈಮಾಕ್ಸ್ ಮಾತ್ರೆಯನ್ನು ಹಲವರು ತೆಗೆದುಕೊಳ್ಳುತ್ತಾರೆ. ಸಲ್ಫಾ ಔಷಧಿ ಒಗ್ಗದವರು ವೈದ್ಯರನ್ನು ಕೇಳದೆ ಅದರ ತಂಟೆಗೆ ಹೋಗಬಾರದು. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಬೇಕು. ನಡೆಯುವಾಗ ಕುಡಿದವರಂತೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಯಬೇಕು. ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿರುವ ಗುರುತು ಅದು.

ರಜೆ ಹೆಚ್ಚಿದ್ದವರು ಶ್ರೀನಗರದಿಂದ ರಸ್ತೆಯಲ್ಲಿ ಬರುವುದು ಒಳ್ಳೆಯದು. ಜೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿದರೆ ಮೈ ಮೆಲ್ಲಗೆ ಒಗ್ಗುತ್ತದೆ. ಮನಾಲಿ ರಸ್ತೆಯ ನೋಟ ಹೆಚ್ಚು ಸೊಗಸು, ತಲೆನೋವೂ ಹೆಚ್ಚು. ವಿಮಾನದಲ್ಲಿ ಬಂದವರು ಲೇಹ್‌ನಲ್ಲಿ ಮೊದಲ ಎರಡು ದಿನ ಮಾಡಬೇಕಾದ ಕೆಲಸ ಏನೂ ಮಾಡದಿರುವುದು. ನಮ್ಮವರಿಗೆ ಇದಕ್ಕಿಂತ ಕಷ್ಟದ ಕೆಲಸ ಕೊಟ್ಟಂತಾಗುವುದಿಲ್ಲ. ಮಧ್ಯಾಹ್ನವೇ ಲೇಹ್ ಅರಮನೆಗೆ ಹತ್ತಿ, ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಎಣಿಸಿ, ರಾತ್ರಿ ಹೋಟೆಲಿನಲ್ಲಿ ಆಕ್ಸಿಜನ್ ಸಿಲಿಂಡರ್ ಕೇಳುವ ಪ್ರವಾಸಿಗಳನ್ನು ಪ್ರತಿ ಬೇಸಿಗೆಯಲ್ಲೂ ಕಾಣಬಹುದು.

ಇನ್ನು ಮರ್ಖಾಗೇ ಏಕೆ ಹೋಗಬೇಕು? ಎತ್ತರದ ಹಿಮಾಲಯದಲ್ಲಿ ವಾರಗಟ್ಟಲೆ ನಡೆಯಲು ಸಾಮಾನ್ಯವಾಗಿ ಡೇರೆ, ಅಡುಗೆಯವ, ಕುದುರೆ, ಸೀಮೆಎಣ್ಣೆ ಎಲ್ಲ ಬೇಕು. ಇಲ್ಲಿ ನಡಿಗೆ ಮುಗಿಯುವಲ್ಲಿ ಒಂದು ಊರು, ಊರಿನಲ್ಲಿ ಒಂದು ಮನೆ, ಮನೆಯಲ್ಲಿ ಬಿಸಿ ಊಟ ಸಿಗುತ್ತದೆ. ಬೆನ್ನಿನ ಚೀಲ ಏಳೆಂಟು ಕಿಲೋ ದಾಟಬೇಕಿಲ್ಲ. ಈ ಏರ್ಪಾಡು ಹುಟ್ಟಿದ್ದರ ಹಿಂದೆ ಹಿಮಚಿರತೆ ಇದೆ.

ಕಣಿವೆಯ ಬಹುಭಾಗ ಇರುವುದು 1981ರಲ್ಲಿ ಘೋಷಣೆಯಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ. ಬಂಡೆಗಳ ಇಳಿಜಾರಿನಲ್ಲಿ ಭರಲ್ ಎಂಬ ಕಾಡುಕುರಿಗಳು ಮೇಯುತ್ತವೆ, ಅವುಗಳ ಬೆನ್ನು ಹತ್ತಿ ಹಿಮಚಿರತೆ ಬರುತ್ತದೆ. 2024ರ ಜನವರಿಯಲ್ಲಿ ಪ್ರಕಟವಾದ ದೇಶದ ಮೊದಲ ಎಣಿಕೆಯ ಪ್ರಕಾರ ಭಾರತದಲ್ಲಿರುವ ಹಿಮಚಿರತೆಗಳು 718, ಅವುಗಳಲ್ಲಿ 477 ಲದಾಖಿನವು. ಕಾಡಿನಲ್ಲಿ ಅದು ಒಂದು ಬೇಟೆಗೆ ತೃಪ್ತಿಪಡುವ ಪ್ರಾಣಿ. ಆದರೆ ರಾತ್ರಿ ಕುರಿದೊಡ್ಡಿಯೊಳಗೆ ಧುಮುಕಿತೆಂದರೆ ಕತೆ ಬೇರೆ. ಸುತ್ತ ಗೋಡೆ, ಹೊರಹೋಗಲು ದಾರಿಯಿಲ್ಲ, ಗಾಬರಿಯಲ್ಲಿ ಓಡುವ ಕುರಿಗಳು. ಬೆಳಗಾಗುವುದರೊಳಗೆ ಒಂದು ಮನೆಯ ಬದುಕೇ ನೆಲಕ್ಕುರುಳಿರುತ್ತಿತ್ತು. ಹೀಗೆ ಕುರಿ ಕಳೆದುಕೊಂಡವನು ಚಿರತೆಯನ್ನು ಕೊಲ್ಲಲು ಹೊರಟರೆ ಅವನಿಗೆ ಕಾನೂನು ಪಾಠ ಹೇಳುವ ಬಾಯಿ ಯಾರಿಗಿದೆ?

ರಿನ್ಚೆನ್ ವಾಂಗ್‌ಚುಕ್ ಎಂಬ ಲದಾಖಿ ಪರ್ವತಾರೋಹಿ ಮತ್ತು ಅವರ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆ ಇದಕ್ಕೆ ಎರಡು ದಾರಿ ಹುಡುಕಿದರು. ದೊಡ್ಡಿಗಳಿಗೆ ತಂತಿಬಲೆಯ ಸೂರು, ಗಟ್ಟಿ ಬಾಗಿಲು ಹಾಕಿಸಿದ್ದು ಒಂದು. 2002ರ ಸುಮಾರಿಗೆ ರುಂಬಾಕ್ ಮತ್ತು ಸುತ್ತಲ ಹಳ್ಳಿಗಳಲ್ಲಿ ಹೋಂಸ್ಟೇ ಆರಂಭಿಸಿದ್ದು ಇನ್ನೊಂದು. ಅಲ್ಲಿಯವರೆಗೆ ಚಾರಣಿಗರ ದುಡ್ಡೆಲ್ಲ ಲೇಹ್‌ನ, ದಿಲ್ಲಿಯ ಕಂಪನಿಗಳಿಗೆ ಹೋಗುತ್ತಿತ್ತು. ಊರಿನವರಿಗೆ ಉಳಿಯುತ್ತಿದ್ದದ್ದು ಹೊಲದಲ್ಲಿ ಡೇರೆ ಹೊಡೆದುಹೋದವರ ಕಸ. ಈಗ ಚಿರತೆಯನ್ನು ನೋಡಲೆಂದೇ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ರುಂಬಾಕ್‌ಗೆ ಜನ ಬರುತ್ತಾರೆ, ಊರಿನ ಹುಡುಗರೇ ದುರ್ಬೀನು ಹಿಡಿದು ಅವರಿಗೆ ದಾರಿ ತೋರಿಸುತ್ತಾರೆ. ರಿನ್ಚೆನ್ 2011ರಲ್ಲಿ ತೀರಿಕೊಂಡರು.

ಹಲವು ಊರುಗಳಲ್ಲಿ ಮನೆಗಳ ಸರದಿ ಇದೆ. ಇಂದು ಬಂದ ಅತಿಥಿ ಈ ಮನೆಗೆ, ನಾಳೆ ಬಂದವನು ಪಕ್ಕದ ಮನೆಗೆ. ಅಂಗಳದಲ್ಲಿ ಹೂಕುಂಡ ಇಟ್ಟವರಿಗೇ ಎಲ್ಲ ಗಿರಾಕಿ ಎಂಬ ಪಕ್ಷಪಾತಕ್ಕೆ ಆಸ್ಪದವಿಲ್ಲ. ನಕ್ಷತ್ರ ಎಣಿಸಿ ಹೋಟೆಲ್ ಆರಿಸುವ ಅಭ್ಯಾಸದವರಿಗೆ ಇದು ಮೊದಲು ಕಸಿವಿಸಿ ತರಬಹುದು. ನನಗಂತೂ ಇದಕ್ಕಿಂತ ಮರ್ಯಾದಸ್ಥ ವ್ಯವಸ್ಥೆ ಪ್ರವಾಸೋದ್ಯಮದಲ್ಲಿ ಬೇರೆಲ್ಲೂ ಕಂಡಿಲ್ಲ.

ನಡಿಗೆ ಜಿಂಗ್‌ಚೆನ್‌ನಿಂದ ಶುರು. ಕಿರಿದಾದ ಕಮರಿಯಲ್ಲಿ ತೊರೆಯ ಪಕ್ಕದಲ್ಲೇ ಏರಿ ರುಂಬಾಕ್ ಸೇರಲು ಅರ್ಧ ದಿನ ಸಾಕು. ಹೆಚ್ಚಿನವರು ಇನ್ನೂ ಮೇಲಕ್ಕೆ, ಯುರುತ್ಸೆಗೆ ಹೋಗಿಬಿಡುತ್ತಾರೆ. ಯುರುತ್ಸೆ ಒಂದೇ ಮನೆಯ ಊರು, ದೊಡ್ಡದೊಂದು ಹಳೆಯ ಮನೆ, ಮುಂದೆ ಜವೆಗೋಧಿಯ ಹೊಲ. ಆಸೆಯಾಗುವುದು ಸಹಜ. ಆದರೆ ಅದರ ಎತ್ತರ 4,100 ಮೀಟರ್. ಲೇಹ್‌ನಿಂದ ಒಮ್ಮೆಗೇ ಅಲ್ಲಿಗೆ ಹೋಗಿ ಮಲಗುವುದಕ್ಕಿಂತ ಮೊದಲ ರಾತ್ರಿ ರುಂಬಾಕ್‌ನಲ್ಲಿ ಕಳೆಯುವುದೇ ಮೇಲು. ಮರುದಿನ ಗಂಡಾ ಲಾ. ಸುಮಾರು 4,900 ಮೀಟರ್. ಏರು ಉದ್ದ, ಆದರೆ ಕಡಿದಾಗಿಲ್ಲ. ಆಚೆ ಬದಿ ಶಿಂಗೋ ಊರಿನ ಮೂಲಕ ಇಳಿದರೆ, ಗುಲಾಬಿಯ ಕಾಡುಪೊದೆಗಳ ನಡುವೆ ಮರ್ಖಾ ನದಿ ಮತ್ತು ಸ್ಕಿಯು. ಸ್ಕಿಯು ಲೇಹ್‌ಗಿಂತಲೂ ತಗ್ಗಿನಲ್ಲಿರುವುದರಿಂದ ಆ ರಾತ್ರಿ ನಿದ್ದೆ ತಾನಾಗಿ ಬರುತ್ತದೆ. ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗಿದ ಲಾಭ ಅದು. ಚಿಲ್ಲಿಂಗ್‌ವರೆಗೆ ಜೀಪಿನಲ್ಲಿ ಬಂದು ನೇರ ಸ್ಕಿಯು ಸೇರುವವರು ಗಂಡಾ ಲಾ ಏರು ತಪ್ಪಿತೆಂದು ಖುಷಿಪಡುತ್ತಾರೆ. ಕೊಂಗ್ಮಾರು ಲಾ ಬುಡದಲ್ಲಿ ಅದರ ಬೆಲೆ ತೆರುತ್ತಾರೆ.

ಚಿಲ್ಲಿಂಗ್ ಲೋಹದ ಕೆಲಸದವರ ಊರು. ಹದಿನೇಳನೇ ಶತಮಾನದಲ್ಲಿ ಶೇ ಅರಮನೆಯ ಬುದ್ಧನ ಮೂರ್ತಿ ಮಾಡಲು ನೇಪಾಳದಿಂದ ಕರೆಸಿದ ಕುಶಲಕರ್ಮಿಗಳ ಸಂತತಿ ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಅವರ ಕೈಚಳಕ ನೋಡಲು ಚಿಲ್ಲಿಂಗ್‌ಗೆ ಹೋಗಬೇಕೆಂದಿಲ್ಲ, ಮರ್ಖಾದ ಯಾವ ಅಡುಗೆಮನೆಗೆ ಹೋದರೂ ಸಾಕು.

ಲದಾಖಿ ಮನೆಯಲ್ಲಿ ಅಡುಗೆಮನೆಯೇ ಪಡಸಾಲೆ. ಒಂದಿಡೀ ಗೋಡೆಗೆ ಮರದ ಹಲಗೆಗಳು, ಅದರ ಮೇಲೆ ತಳತಳ ಹೊಳೆಯುವ ತಾಮ್ರ, ಹಿತ್ತಾಳೆಯ ಪಾತ್ರೆಗಳು: ಹಂಡೆ, ಸೌಟು, ಸೊಂಡಿಲ ಚಹಾಪಾತ್ರೆ. ನಡುವೆ ಚಿತ್ತಾರ ಬಿಡಿಸಿದ ಕಬ್ಬಿಣದ ಒಲೆ, ಅದಕ್ಕೆ ಉರುವಲು ಒಣಗಿದ ಸಗಣಿ ಮತ್ತು ವಿಲೋ ಕೊಂಬೆ. ಗೋಡೆಯುದ್ದಕ್ಕೂ ಕಂಬಳಿ ಹಾಸು, ಮುಂದೆ ಮೊಣಕಾಲೆತ್ತರದ ಮೇಜು. ಎಲ್ಲಿ ಬೇಕೆಂದರಲ್ಲಿ ಕೂರುವ ಹಾಗಿಲ್ಲ. ಒಲೆಯ ಹತ್ತಿರದ ಜಾಗ ಹಿರಿಯರದು. ಮನೆಯೊಡತಿಯನ್ನು ‘ಅಮಾಲೇ’ ಎಂದು, ಅಜ್ಜನನ್ನು ‘ಮೇಮೇಲೇ’ ಎಂದು ಕರೆದರೆ ಮುಖ ಅರಳುತ್ತದೆ. ಮರ್ಖಾದಲ್ಲಿ ನಾವು ಉಳಿದ ಮನೆಯ ಅಮಾಲೇ ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ ತಂದಿಟ್ಟು ‘ದೋನ್‌ಲೇ’ ಎಂದರು. ಒಂದು ಗುಟುಕು ಕುಡಿದು ಕೆಳಗಿಡುವಷ್ಟರಲ್ಲಿ ಬಟ್ಟಲು ಮತ್ತೆ ಕಂಠಮಟ್ಟ ತುಂಬಿತ್ತು. ಸಾಕೆನ್ನುವುದಕ್ಕೂ ಒಂದು ಕ್ರಮವಿದೆ. ಬಟ್ಟಲನ್ನು ಮುಟ್ಟದೆ ಬಿಟ್ಟು, ಏಳುವ ಹೊತ್ತಿಗೆ ಒಂದೇ ಸಲ ಮುಗಿಸಬೇಕು.

ರಾತ್ರಿಗೆ ಸ್ಕ್ಯು ಮಾಡಿದ್ದರು. ಗೋಧಿಹಿಟ್ಟನ್ನು ನಾದಿ, ಹೆಬ್ಬೆರಳಿನಿಂದ ಒತ್ತಿ ಸಣ್ಣ ಗುಳಿಗಳಾಗಿಸಿ, ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್ ಜೊತೆ ಬೇಯಿಸಿದ ಗಟ್ಟಿ ಗಂಜಿ ಅದು. ಒತ್ತುವ ಕೆಲಸಕ್ಕೆ ನಮ್ಮನ್ನೂ ಕೂರಿಸಿಕೊಂಡರು. ಮೈಸೂರು ಸೀಮೆಯವರಿಗೆ ಅದಕ್ಕಿಂತ ಹತ್ತಿರವಾಗುವುದು ಪಾಬಾ: ಹುರಿದ ಜವೆ ಮತ್ತು ಬಟಾಣಿ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಉಂಡೆ ಕಟ್ಟಿದ್ದು. ಬಣ್ಣದಲ್ಲೂ ಬಿಗುವಿನಲ್ಲೂ ರಾಗಿಮುದ್ದೆಯ ಅಣ್ಣತಮ್ಮ. ಸೊಪ್ಪು ಬೆರೆಸಿದ ಮಜ್ಜಿಗೆಯೊಂದಿಗೆ ತಿನ್ನುತ್ತಾರೆ, ಆದರೆ ಅಗಿದು ತಿನ್ನುತ್ತಾರೆ. ನಾವು ನುಂಗಿದ್ದನ್ನು ನೋಡಿ ಮೇಮೇಲೇ ಊರು ಯಾವುದೆಂದು ಹಿಂದಿಯಲ್ಲಿ ವಿಚಾರಿಸಿದರು. ಕರ್ನಾಟಕ ಎಂದೊಡನೆ, “ಮುಂಡಗೋಡು ನಿಮ್ಮ ಮನೆಗೆ ಹತ್ತಿರವಾ?” ಎಂದರು. ಲದಾಖಿನ ಗೆಲುಗ್ ಪಂಥದ ಎಷ್ಟೋ ಭಿಕ್ಷುಗಳು ಓದುವುದು ಮುಂಡಗೋಡು, ಬೈಲಕುಪ್ಪೆಗಳ ಮಹಾವಿಹಾರಗಳಲ್ಲಿ. ಬೆಂಗಳೂರಿನ ಹೆಸರು ಗೊತ್ತಿಲ್ಲದವರಿಗೂ ಉತ್ತರ ಕನ್ನಡದ ಆ ತಾಲ್ಲೂಕು ಗೊತ್ತು. ಅಲ್ಲಿ ಸೆಖೆ ಎಷ್ಟು, ಮಳೆ ಎಷ್ಟು ದಿನ ಎಂದೆಲ್ಲ ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ಸೋಲಾರ್ ದೀಪ ಮಂಕಾಯಿತು.

ಹೊಂದಿಕೊಳ್ಳಬೇಕಾದ ಸಂಗತಿಗಳೂ ಇವೆ. ಸ್ನಾನ ಎಂಬುದು ಒಂದು ಬಕೆಟ್ ಬಿಸಿನೀರು, ಅದೂ ಕೇಳಿಕೊಂಡರೆ. ಶೌಚಾಲಯ ಒಣ ಪದ್ಧತಿಯದು. ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ. ಎರಡು ಸಲಿಕೆ ಮಣ್ಣು ತಳ್ಳಿ ಬಂದರೆ ಮುಗಿಯಿತು, ವಾಸನೆಯಿಲ್ಲ. ಮುಂದಿನ ವರ್ಷ ಅದೇ ಹೊಲಕ್ಕೆ ಗೊಬ್ಬರ. ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡ್ ಅದರೊಳಗೆ ಹಾಕುವುದು ಮನೆಯವರ ಹೊಲದಲ್ಲಿ ಕಸ ಸುರಿದಂತೆ. ಅಂಥದ್ದನ್ನೆಲ್ಲ ಚೀಲದಲ್ಲಿಟ್ಟು ಲೇಹ್‌ಗೆ ವಾಪಸು ತರಬೇಕು. ಬಾಡಿಗೆಯಲ್ಲಿ ರಾತ್ರಿಯೂಟ, ತಿಂಡಿ, ದಾರಿಯ ಬುತ್ತಿ ಎಲ್ಲ ಸೇರಿರುತ್ತದೆ. ಬುತ್ತಿಯೆಂದರೆ ಖಂಬೀರ್ ಎಂಬ ದಪ್ಪ ರೊಟ್ಟಿ, ಬೇಯಿಸಿದ ಮೊಟ್ಟೆ, ಅದೃಷ್ಟವಿದ್ದರೆ ಒಣ ಜರ್ದಾಳು. ನಗದು ಬೇಕು, ಚಿಲ್ಲರೆಯಾಗಿಯೇ ಬೇಕು. ಎಟಿಎಂ ಲೇಹ್‌ನಲ್ಲಿ ಬಿಟ್ಟರೆ ಇಲ್ಲ. ನಮ್ಮ ಪ್ರಿಪೇಯ್ಡ್ ಸಿಮ್ ಲದಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದು ಕೂಡ ಕಣಿವೆಯೊಳಗೆ ನಂಬಿಕೊಳ್ಳುವಂಥದ್ದಲ್ಲ. ಕೊನೆಯ ಫೋನ್ ಮಾಡುವಾಗಲೇ ಇಂಥ ದಿನದವರೆಗೆ ಸುದ್ದಿಯಿರುವುದಿಲ್ಲ ಎಂದು ಮನೆಗೆ ಹೇಳಿಬಿಡಬೇಕು.

ಕಣಿವೆಯ ನಡುಭಾಗದಲ್ಲಿ ಏರು ಕಡಿಮೆ, ದೂರ ಹೆಚ್ಚು. ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ, ಛೋರ್ಟೆನ್ ಎಂಬ ಸ್ತೂಪಗಳನ್ನು ಬಲಕ್ಕೆ ಬಿಟ್ಟು ಎಡದಿಂದ ಸಾಗಬೇಕು. ನಮ್ಮ ಪ್ರದಕ್ಷಿಣೆಯ ದಿಕ್ಕೇ. ಸವಾಲಿರುವುದು ನದಿಯಲ್ಲಿ. ಸೇತುವೆಯಿಲ್ಲದ ಕಡೆ ನೀರಿಗೆ ಇಳಿದೇ ದಾಟಬೇಕು. ಹಿಮನದಿ ಕರಗಿ ಬರುವ ನೀರಾದ್ದರಿಂದ ಬೆಳಿಗ್ಗೆ ಮೀನಖಂಡ ಮುಟ್ಟುವ ಹೊಳೆ ಬಿಸಿಲೇರಿದಂತೆ ತೊಡೆಯವರೆಗೆ ಬರುತ್ತದೆ, ಬಣ್ಣ ಬೂದಿಗೆ ತಿರುಗುತ್ತದೆ. ಶೂ ಕಳಚಿ, ಲೇಸು ಕಟ್ಟಿ ಕುತ್ತಿಗೆಗೆ ಹಾಕಿಕೊಂಡು, ಸ್ಯಾಂಡಲ್ ತೊಟ್ಟು, ಮುಖವನ್ನು ನೀರು ಬರುವ ಕಡೆಗೆ ಮಾಡಿ, ಕೋಲನ್ನು ಮುಂದೆ ಊರಿ ಅಡ್ಡಡ್ಡ ಹೆಜ್ಜೆ ಇಡಬೇಕು. ತಳದ ಕಲ್ಲುಗಳು ಉರುಳಿ ಬಂದು ಹರಡಿಗೆ ಬಡಿಯುತ್ತವೆ. ನಾಲ್ಕನೆಯ ಹೆಜ್ಜೆಗೆ ಪಾದ ತನ್ನದೆಂಬ ಅರಿವೇ ಹೋಗಿರುತ್ತದೆ. ಬರಿಗಾಲಲ್ಲಿ ದಾಟುವ ಶೌರ್ಯ ಬೇಡ. ಯೋಜನೆ ಹಾಕುವಾಗ ನದಿ ದಾಟುವ ಹಾದಿಗಳನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಇದಕ್ಕೇ. ಮಳೆನೆರಳಿನ ಮರುಭೂಮಿ ಎಂದು ಆಕಾಶವನ್ನು ಕಡೆಗಣಿಸುವಂತೆಯೂ ಇಲ್ಲ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಗಿ ಒಂದೇ ರಾತ್ರಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಮರ್ಖಾ ದಾಟಿದ ಮೇಲೆ ಬಂಡೆಯ ನೆತ್ತಿಗೆ ಅಂಟಿಕೊಂಡ ತೇಚಾ ಗೊಂಪಾ ಎಂಬ ಬೌದ್ಧ ವಿಹಾರ, ಉಮ್ಲುಂಗ್ ಊರು, ಆಮೇಲೆ ಕಣಿವೆಯ ತುದಿಯಲ್ಲಿ ಒಮ್ಮೆಗೇ ಎದ್ದು ನಿಲ್ಲುವ ಕಾಂಗ್ ಯಾತ್ಸೆ. 6,400 ಮೀಟರಿನ ಹಿಮಶಿಖರ. ಹಂಕರ್‌ನಲ್ಲಿ ಮನೆಗಳು ಮುಗಿಯುತ್ತವೆ. ಹಾಳೆಯ ಬಲಬದಿಯ ಗಂಟು ಇರುವುದು ಇಲ್ಲಿ. ಹಂಕರ್ 4,000, ಮುಂದಿನ ತಂಗುದಾಣ ನಿಮಾಲಿಂಗ್ 4,800. ಒಂದೇ ದಿನ ಎಂಟುನೂರು ಮೀಟರ್. ಹೆಚ್ಚಿನ ಪ್ಯಾಕೇಜುಗಳು ಈ ನೆಗೆತವನ್ನು ಹಾಗೇ ಹಾಕಿಸಿಬಿಡುತ್ತವೆ, ಏಕೆಂದರೆ ಒಂದು ರಾತ್ರಿ ಕಡಿಮೆಯಾದರೆ ದರ ಕಡಿಮೆ. ಹಂಕರ್‌ನಲ್ಲಿ ಇನ್ನೊಂದು ರಾತ್ರಿ ಉಳಿದು, ಹಗಲು ಮೇಲಕ್ಕೆ ಹೋಗಿ ಬರುವುದು ಒಳ್ಳೆಯ ಉಪಾಯ. ಡೇರೆ ಇರುವವರು ನಡುವೆ ಥಾಚುಂಗ್ತ್ಸೆಯಲ್ಲಿ ತಂಗಬಹುದು.

ನಿಮಾಲಿಂಗ್ ಊರಲ್ಲ, ಕಣಿವೆಯವರ ಬೇಸಿಗೆಯ ಹುಲ್ಲುಗಾವಲು. ಯಾಕ್, ಯಾಕ್-ಹಸುವಿನ ಮಿಶ್ರತಳಿಯಾದ ಜೋ, ಕುರಿಗಳನ್ನು ಹೊಡೆದುಕೊಂಡು ಬಂದು ಕಲ್ಲುಗುಡಿಸಲುಗಳಲ್ಲಿ ಉಳಿಯುತ್ತಾರೆ, ಹಾಲು ಕಡೆದು ಬೆಣ್ಣೆ ತೆಗೆಯುತ್ತಾರೆ, ಚುರ್ಪಿ ಎಂಬ ಗಿಣ್ಣು ಒಣಗಿಸುತ್ತಾರೆ. ಚಾರಣಿಗರಿಗೆ ಊರಿನವರೇ ಹಾಕಿದ ಸಾಲು ಡೇರೆಗಳಿವೆ, ಊಟಕ್ಕೆ ಸೇನೆಯ ಹಳೆಯ ಪ್ಯಾರಾಚೂಟ್ ಹರಡಿ ಕಟ್ಟಿದ ಹೋಟೆಲಿದೆ. ಸಂಜೆ ಕುರಿಗಳು ಇಳಿದು ಬರುವಾಗ ಬಯಲೆಲ್ಲ ಗಲಗಲ. ದಪ್ಪ ಮಾರ್ಮಟ್‌ಗಳು ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಸಿಳ್ಳೆ ಹಾಕುತ್ತವೆ. ರಾತ್ರಿ ಮಾತ್ರ ಕಷ್ಟ. ನೀರಿನ ಬಾಟಲಿ ಆಗಸ್ಟ್‌ನಲ್ಲೂ ಹೆಪ್ಪುಗಟ್ಟುತ್ತದೆ, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು ಸಾಮಾನ್ಯ. ಇಡೀ ದಾರಿಯಲ್ಲಿ ಹೊತ್ತ ದಪ್ಪ ಜಾಕೆಟ್ಟಿಗೆ ಕೂಲಿ ಸಿಗುವುದು ಆ ಒಂದು ರಾತ್ರಿ.

ಕೊಂಗ್ಮಾರು ಲಾಗೆ ಬೆಳಕು ಹರಿಯುವ ಮೊದಲೇ ಹೊರಡುವುದು ವಾಡಿಕೆ. ಹತ್ತು ಹೆಜ್ಜೆ, ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ಯುರೋಪಿನ ಮಾಂಟ್ ಬ್ಲಾಂಕ್ ಶಿಖರಕ್ಕಿಂತ ನಾನೂರು ಮೀಟರ್ ಎತ್ತರದ ಈ ಜಾಗಕ್ಕೆ ಹಗ್ಗ, ಕೊಡಲಿ ಏನೂ ಬೇಡ, ತಾಳ್ಮೆಯೊಂದಿದ್ದರೆ ಆಯಿತು. ಮೇಲೆ ಪ್ರಾರ್ಥನಾ ಪತಾಕೆಗಳು, ಗಾಳಿ, ಹಿಂದೆ ಕಾಂಗ್ ಯಾತ್ಸೆ. ಹೆಚ್ಚು ಹೊತ್ತು ನಿಲ್ಲುವ ಜಾಗ ಅಲ್ಲ. ಆಚೆಗಿನ ಇಳಿಜಾರು ಮಂಡಿಯ ಪರೀಕ್ಷೆ. ನೇರಳೆ, ಹಸಿರು, ಇಟ್ಟಿಗೆಗೆಂಪು ಬಣ್ಣದ ಕಲ್ಲುಪದರಗಳ ನಡುವೆ ತೊರೆಯನ್ನು ಅತ್ತಿಂದಿತ್ತ ಇತ್ತಿಂದತ್ತ ದಾಟುತ್ತ ಚೋಗ್ದೋ, ಅಲ್ಲಿಂದ ಶಾಂಗ್ ಸುಮ್ದೋ. ಜೀಪು ಸಿಗುತ್ತದೆ. ಹೆಮಿಸ್ ಗೊಂಪಾ ದಾರಿಯಲ್ಲೇ ಇದೆ.

ಮರ್ಖಾ ಕಣಿವೆಯೊಳಕ್ಕೂ ಈಗ ರಸ್ತೆ ಬಂದಿದೆ. ಸ್ಕಿಯು ದಾಟಿ ಮೇಲಿನ ಊರುಗಳ ಕಡೆ ಸಾಗಿದೆ. ಚಾರಣಿಗರಲ್ಲಿ ಇದಕ್ಕೆ ಗೋಳಾಡುವವರೇ ಹೆಚ್ಚು. ಹೆರಿಗೆ ನೋವು ಬಂದವಳನ್ನು ಕುದುರೆಯ ಮೇಲೆ ಕೂರಿಸಿ ಪಾಸ್ ದಾಟಿಸಬೇಕಿದ್ದ ಊರಿನವರು ರಸ್ತೆ ಕೇಳಿದರೆ ತಪ್ಪೇನು? ವರ್ಷಕ್ಕೊಮ್ಮೆ ಬಂದು ಫೋಟೋ ಹೊಡೆದುಕೊಳ್ಳುವವರಿಗಾಗಿ ಅವರು ಹಿಂದಿನ ಶತಮಾನದಲ್ಲೇ ಉಳಿಯಬೇಕೆ? ತೊಂದರೆ ಇರುವುದು ನಮ್ಮ ಕಡೆಯಿಂದ. ಜೀಪಿನಲ್ಲಿ ಹಂಕರ್ ದಿಕ್ಕಿಗೆ ಹಾರಿಹೋಗಿ ಮೂರು ದಿನದಲ್ಲಿ ಮುಗಿಸುತ್ತೇವೆಂದು ಹೊರಟರೆ ಕೆಳಗಿನ ಮನೆಗಳ ಸರದಿಗೆ ಯಾರೂ ಬರುವುದಿಲ್ಲ, ಮೈಗೆ ಒಗ್ಗಿಕೊಳ್ಳಲು ಸಮಯವೂ ಸಿಗುವುದಿಲ್ಲ. ನಡೆದೇ ಹೋಗಿ. ಮನೆಗಳಲ್ಲೇ ಉಳಿಯಿರಿ.

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಕಾಲ ಸರಿ. ನದಿ ತಗ್ಗಿ, ಜವೆಯ ಕೊಯ್ಲು ನಡೆಯುವ ಸೆಪ್ಟೆಂಬರ್ ಮೊದಲ ಪಕ್ಷ ನನ್ನ ಆಯ್ಕೆ. ಲೇಹ್‌ನ ವಿಶ್ರಾಂತಿ, ಹಂಕರ್‌ನ ಹೆಚ್ಚಿನ ರಾತ್ರಿ, ವಿಮಾನ ರದ್ದಾದರೆಂದು ಒಂದು ದಿನ ಎಲ್ಲ ಸೇರಿ ಎರಡು ವಾರ ರಜೆ ಬೇಕೇಬೇಕು. ಕಚೇರಿಯಲ್ಲಿ ಒಂದೇ ವಾರ ಸಿಕ್ಕಿದೆಯೆಂದರೆ ಮರ್ಖಾ ಬಿಟ್ಟುಬಿಡಿ. ಲಿಕಿರ್‌ನಿಂದ ಯಾಂಗ್‌ಥಾಂಗ್, ಹೆಮಿಸ್ ಶುಕ್ಪಾಚನ್ ಮಾರ್ಗವಾಗಿ ತೆಮಿಸ್ಗಾಮ್‌ವರೆಗಿನ ಶಾಮ್ ಕಣಿವೆಯ ನಡಿಗೆ ನಾಲ್ಕು ಸಾವಿರ ಮೀಟರಿನ ಒಳಗೇ ಮುಗಿಯುತ್ತದೆ. ಪ್ರತಿ ಊರಿನಲ್ಲೂ ಹೋಂಸ್ಟೇ ಇದೆ, ಪಾಬಾ ಅಲ್ಲೂ ಸಿಗುತ್ತದೆ.